ಮೈಲುತುತ್ತದ ನೀಲಿ ಎಲ್ಲಿದೆ?

ಪ್ರೌಢಶಾಲೆಯ ರಸಾಯನ ವಿಜ್ಞಾನಕ್ಕೆ ಡಿಜಿಟಲ್ ಪಾಠ ಮಾಡುವ ಚಿಕ್ಕ ತಂಡವೊಂದಕ್ಕೆ ನಾನು ಸ್ಕ್ರಿಪ್ಟ್ ಬರೆಯುತ್ತೇನೆ. ಹಗಲು ತೀರ್ಥಹಳ್ಳಿ ಸೀಮೆಯ ಹಳ್ಳಿ ಶಾಲೆಯೊಂದರಲ್ಲಿ ವಿಜ್ಞಾನದ ಪಾಠ, ಸಂಜೆ ಈ ಕೆಲಸ. ಒಂದು ಡಿಜಿಟಲ್ ಪಾಠವೆಂದರೆ ಕ್ಯಾಮೆರಾದಲ್ಲಿ ಹಿಡಿದ ಪ್ರಯೋಗ, ಒಂದಷ್ಟು ಅನಿಮೇಷನ್, ಮಕ್ಕಳು ಬೆರಳಲ್ಲಿ ಎಳೆದಾಡುವ ಸಿಮ್ಯುಲೇಷನ್, ಹಿನ್ನೆಲೆಯಲ್ಲಿ ವಿವರಿಸುವ ದನಿ. ಸಾಫ್ಟ್‌ವೇರಿನ ತೊಡಕುಗಳನ್ನು ತಂಡದ ಹುಡುಗರು ಬಿಡಿಸಿಕೊಳ್ಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ತೊಡಕು. ತೆರೆಯ ಮೇಲೆ ನೋಡಿ ಮಗು ತಿಳಿದದ್ದು ಯಾವ ಪ್ರಮಾಣದಿಂದ ಬಂದ ಜ್ಞಾನ? ಪ್ರತ್ಯಕ್ಷವೋ, ಅನುಮಾನವೋ, ಶಬ್ದವೋ? ನೈಯಾಯಿಕರು, ಮೀಮಾಂಸಕರು, ವೇದಾಂತಿಗಳು, ಜೈನರು, ಬೌದ್ಧರು ಜನ್ಮ ಸವೆಸಿ ಚರ್ಚಿಸಿದ ಪ್ರಶ್ನೆ ಇದು. ನಮ್ಮ ಎಡಿಟಿಂಗ್ ಟೇಬಲ್ಲಿನ ಮೇಲೆ ದಿನವೂ ಏಳುತ್ತದೆ. ನಾನು ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯ ಮೊದಲ ಅಧ್ಯಾಯದಲ್ಲಿ ಒಂದು ಚಟುವಟಿಕೆ ಇದೆ. ಕಬ್ಬಿಣದ ಮೊಳೆಗಳನ್ನು ಮರಳು ಕಾಗದದಲ್ಲಿ ಉಜ್ಜಿ, ದಾರ ಕಟ್ಟಿ, ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಸುಮಾರು 20 ನಿಮಿಷ ಇಳಿಬಿಡಬೇಕು. ಹೋಲಿಸಿ ನೋಡಲು ಒಂದು ಮೊಳೆಯನ್ನು ಪಕ್ಕಕ್ಕಿಟ್ಟಿರಬೇಕು. ಇಳಿಬಿಟ್ಟ ಮೊಳೆಗೆ ಕೆಂಗಂದು ಬಣ್ಣದ ತಾಮ್ರ ಮೆತ್ತಿಕೊಳ್ಳುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಎಬ್ಬಿಸಿ ತಾನು ಆ ಜಾಗಕ್ಕೆ ಹೋಗಿದೆ. ಸ್ಥಾನಪಲ್ಲಟ ಕ್ರಿಯೆ.

ನಮ್ಮ ತಂಡದ ಅನಿಮೇಷನ್ ಹುಡುಗ ಇದಕ್ಕೆ ಚಿತ್ರ ಮಾಡಿದ. ಬೂದು ಗುಂಡುಗಳು ಕಬ್ಬಿಣ, ನೀಲಿ ಗುಂಡುಗಳು ನೀರಿನಲ್ಲಿ ಓಡಾಡುವ ತಾಮ್ರದ ಅಯಾನುಗಳು. ನೀಲಿ ಗುಂಡು ಮೊಳೆಯನ್ನು ಮುಟ್ಟಿದ ಕೂಡಲೇ ಕೆಂಪಾಗಿ ಅಂಟಿಕೊಳ್ಳುತ್ತದೆ, ಬೂದು ಗುಂಡೊಂದು ಹಸಿರಾಗಿ ನೀರಿಗಿಳಿಯುತ್ತದೆ. ನೋಡಲು ಸೊಗಸಾಗಿತ್ತು. ಹುಡುಗ ಕಷ್ಟಪಟ್ಟು ಮಾಡಿದ್ದ, ಎಲ್ಲೆಡೆ ರೂಢಿಯಲ್ಲಿರುವ ಹಾಗೆಯೇ ಮಾಡಿದ್ದ. ಆದರೆ ಅದೇ ಪುಸ್ತಕದ ಎರಡನೆಯ ಅಧ್ಯಾಯಕ್ಕೆ ಬನ್ನಿ. ತಾಮ್ರದ ಸಲ್ಫೇಟಿನ ಹರಳುಗಳನ್ನು ಪ್ರನಾಳದಲ್ಲಿ ಹಾಕಿ ಬಿಸಿಮಾಡಿದರೆ ನೀಲಿ ಹೋಗಿ ಬಿಳಿ ಪುಡಿಯಾಗುತ್ತದೆ, ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿ ಕೂರುತ್ತದೆ. ಆರಿದ ಬಿಳಿ ಪುಡಿಗೆ ಎರಡು ಮೂರು ಹನಿ ನೀರು ಬಿಟ್ಟರೆ ನೀಲಿ ಮರಳಿ ಬರುತ್ತದೆ. ಈ ಹೊತ್ತಿನಲ್ಲಿ ತಾಮ್ರ ಎಲ್ಲಿಗೂ ಹೋಗಿಲ್ಲ. ಬಿಳಿ ಪುಡಿಯಲ್ಲೂ ಅದೇ ತಾಮ್ರದ ಅಯಾನು ಇದೆ. ನೀಲಿ ಆ ಗುಂಡಿನ ಮೈಬಣ್ಣವಾಗಿದ್ದರೆ ಬಿಸಿಮಾಡಿದಾಗ ಅದು ಎಲ್ಲಿಗೆ ಹೋಯಿತು, ನೀರು ಬಿಟ್ಟಾಗ ಎಲ್ಲಿಂದ ಬಂತು?

ಹರಳಿನಲ್ಲಿ ತಾಮ್ರದ ಪ್ರತಿ ಅಯಾನಿಗೆ ನೀರಿನ 5 ಅಣುಗಳಿವೆ. ಅವುಗಳಲ್ಲಿ ನಾಲ್ಕು ನೇರವಾಗಿ ತಾಮ್ರವನ್ನು ಸುತ್ತುವರಿದು ಹಿಡಿದಿರುತ್ತವೆ. ಹಾಗೆ ನೀರು ಸುತ್ತುವರಿದಾಗ ತಾಮ್ರದ ಎಲೆಕ್ಟ್ರಾನುಗಳ ಶಕ್ತಿಯ ಮಟ್ಟಗಳು ಸ್ವಲ್ಪ ಕದಲಿ, ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುವ ಸ್ಥಿತಿಗೆ ಬರುತ್ತವೆ. ಹೀರದೆ ಬಿಟ್ಟದ್ದು ನಮ್ಮ ಕಣ್ಣಿಗೆ ನೀಲಿ. ತಾಮ್ರವನ್ನು ಒಂಟಿಯಾಗಿ ಹುಡುಕಿದರೆ ಅದರಲ್ಲಿ ನೀಲಿ ಸಿಗುವುದಿಲ್ಲ, ನೀರಿನಲ್ಲಿಯೂ ಸಿಗುವುದಿಲ್ಲ. ಅವೆರಡು ಇರುವ ಸಂಬಂಧದಲ್ಲಿ ನೀಲಿ ಇದೆ. ಇಷ್ಟು ದೊಡ್ಡ ಸಂಗತಿಯನ್ನು ಒಂದು ಗುಂಡಿಗೆ ನೀಲಿ ಬಳಿದು ನಾವು ಮುಚ್ಚಿಬಿಡುತ್ತೇವೆ.

ಇದನ್ನು ನಾನು ದೊಡ್ಡಪ್ಪನ ಮುಂದೆ ಹೇಳಿದೆ. ಅವರು ಅಡಿಕೆ ತೋಟ ನೋಡಿಕೊಂಡೇ ಅನ್ನಂಭಟ್ಟನ ತರ್ಕಸಂಗ್ರಹವನ್ನೂ ಶಾಂಕರಭಾಷ್ಯವನ್ನೂ ಪಾಠ ಹೇಳಿಸಿಕೊಂಡು ಓದಿದವರು. ಕೇಳಿದವರೇ, “ಮಗೂ, ಇದು ಪಾಕದ ಪ್ರಶ್ನೆ ಅಲ್ವೇನೆ” ಎಂದರು. ಅವರು ಹೇಳಿದ್ದು ನ್ಯಾಯ ವೈಶೇಷಿಕರ ನಡುವಿನ ಹಳೆಯ ವಿವಾದ. ಕುಂಬಾರ ಹಸಿ ಮಡಕೆಯನ್ನು ಆವಿಗೆಯಲ್ಲಿಟ್ಟು ಸುಡುತ್ತಾನೆ. ಕಪ್ಪಗಿದ್ದದ್ದು ಕೆಂಪಾಗಿ ಹೊರಬರುತ್ತದೆ. ಬಣ್ಣ ಬದಲಾದದ್ದು ಎಲ್ಲಿ? ವೈಶೇಷಿಕರು ಪೀಲುಪಾಕ ಎಂದರು: ಬೆಂಕಿ ತಾಗಿದಾಗ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗುತ್ತದೆ, ಪ್ರತಿ ಪರಮಾಣುವಿನ ಕಪ್ಪು ಅಳಿದು ಕೆಂಪು ಹುಟ್ಟುತ್ತದೆ, ಕೆಂಪು ಪರಮಾಣುಗಳು ಮತ್ತೆ ಕೂಡಿ ಹೊಸ ಮಡಕೆಯಾಗುತ್ತದೆ, ಇದೆಲ್ಲ ಕಣ್ಣಿಗೆ ನಿಲುಕದಷ್ಟು ಬೇಗ ನಡೆಯುತ್ತದೆ. ನೈಯಾಯಿಕರು ಒಪ್ಪಲಿಲ್ಲ. ಅವರದ್ದು ಪಿಠರಪಾಕ: ಮಡಕೆ ಮಡಕೆಯಾಗಿಯೇ ಇದ್ದು, ಸೂಕ್ಷ್ಮ ರಂಧ್ರಗಳಲ್ಲಿ ಬೆಂಕಿ ಹೊಕ್ಕು, ಇಡೀ ಮಡಕೆಯಲ್ಲಿ ಬಣ್ಣ ಬದಲಾಗುತ್ತದೆ. ಮಡಕೆ ಒಡೆದು ಕೂಡುವುದಾದರೆ ಮೇಲೆ ಪೇರಿಸಿದ ಮಡಕೆಗಳು ಬೀಳಬೇಕಿತ್ತಲ್ಲ, ಆವಿಗೆಯ ಸಂದಿಯಿಂದ ಇಣುಕಿದವನಿಗೆ ಮಡಕೆ ಇದ್ದ ಹಾಗೇ ಕಾಣುತ್ತದಲ್ಲ ಎಂಬುದು ಅವರ ಆಕ್ಷೇಪ.

ಈಗಿನ ರಸಾಯನ ವಿಜ್ಞಾನ ಇಬ್ಬರಿಗೂ ಪೂರ್ತಿ ಗೆಲುವು ಕೊಡುವುದಿಲ್ಲ. ಮಡಕೆ ಮಣ್ಣಿನ ಕಯೋಲಿನೈಟ್ 500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತನ್ನ ರಚನೆಯೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಜೇಡಿಯಲ್ಲಿದ್ದ ಜೈವಿಕ ಅಂಶ ಉರಿದುಹೋಗುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಕಬ್ಬಿಣ ಕೆಂಪು ಆಕ್ಸೈಡ್ ಆಗುತ್ತದೆ. ಗಾಳಿ ಕಟ್ಟಿ ಹೊಗೆ ಕೂಡಿಸಿದರೆ ಅದೇ ಮಣ್ಣಿನ ಮಡಕೆ ಕಪ್ಪಗೆ ಬರುತ್ತದೆ. ಕಣಗಳ ಮಟ್ಟದಲ್ಲಿ ಬಂಧಗಳು ಬಿಟ್ಟು ಕೂಡುವುದು ನಿಜ, ಇಡಿಯಾಗಿ ಮಡಕೆ ಬೀಳದೆ ನಿಲ್ಲುವುದೂ ನಿಜ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಯಾರು ಗೆದ್ದರು ಎಂಬುದಲ್ಲ. ಬಣ್ಣ ಕಣದಲ್ಲಿದೆಯೋ ಇಡಿಯಲ್ಲಿದೆಯೋ ಎಂದು ಕೇಳುವುದೇ ಒಂದು ಸಾಧನೆ. ನಮ್ಮ ಅನಿಮೇಷನ್ ಆ ಪ್ರಶ್ನೆಯನ್ನು ಕೇಳದೆಯೇ ಪೀಲುಪಾಕದ ಪರ ತೀರ್ಪು ಕೊಟ್ಟುಬಿಟ್ಟಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕರಡು ನೋಡಿದವರೊಬ್ಬರು, ಹಾಗಾದರೆ ಪಾಠವನ್ನು ಡಾಲ್ಟನ್‌ಗಿಂತ ಮೊದಲೇ ಕಣಾದರು ಪರಮಾಣುವನ್ನು ಕಂಡುಹಿಡಿದರು ಎಂದು ಶುರುಮಾಡೋಣ ಎಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಣಾದರ ಪರಮಾಣು ನಾಲ್ಕೇ ಬಗೆ: ಪೃಥ್ವಿ, ಜಲ, ತೇಜಸ್ಸು, ವಾಯು. ಎರಡು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ, ಅಂದರೆ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣ. ಅದಕ್ಕಿಂತ ಚಿಕ್ಕದ್ದು ಕಣ್ಣಿಗೆ ಕಾಣದು, ಅನುಮಾನದಿಂದಲೇ ತಿಳಿಯಬೇಕು. ಅವರ ಅನುಮಾನ ಬಹಳ ಗಟ್ಟಿ. ಒಡೆಯುತ್ತಾ ಹೋಗುವುದು ಎಲ್ಲಿಯೂ ನಿಲ್ಲದಿದ್ದರೆ ಮೇರು ಪರ್ವತಕ್ಕೂ ಸಾಸಿವೆ ಕಾಳಿಗೂ ಅವಯವಗಳು ಅನಂತವೇ, ಆಗ ಅವುಗಳ ಗಾತ್ರದ ಭೇದವನ್ನು ಯಾವುದರಿಂದ ಹೇಳುತ್ತೀರಿ ಎಂಬ ವಾದ ಅದು. ಡಾಲ್ಟನ್ ಬಂದ ದಾರಿ ಬೇರೆ, ಅವನದು ತಕ್ಕಡಿಯ ದಾರಿ, ತೂಕಗಳ ಅನುಪಾತದ ದಾರಿ. ಎರಡನ್ನೂ ಒಂದೆಂದರೆ ವೈಶೇಷಿಕರಿಗೆ ಗೌರವ ಸಂದಂತಾಗುವುದಿಲ್ಲ. ಪ್ರಫುಲ್ಲಚಂದ್ರ ರಾಯ್ ಅವರ ಹಿಂದೂ ರಸಾಯನ ಚರಿತ್ರೆಯ 1909ರ ಸಂಪುಟಕ್ಕೆ ಪ್ರಾಚೀನರ ಭೌತ-ರಾಸಾಯನಿಕ ಸಿದ್ಧಾಂತಗಳ ಬಗ್ಗೆ ಬರೆದವರು ಬ್ರಜೇಂದ್ರನಾಥ ಶೀಲ್. 1915ರಲ್ಲಿ ಈ ವಿಷಯದ ಅವರ ಪುಸ್ತಕವೇ ಬಂತು, 1921ರಿಂದ ಅವರು ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದರು. ಹೆಮ್ಮೆ ಪಡುವುದಿದ್ದರೆ ಪೀಲುಪಾಕ ಪಿಠರಪಾಕಗಳಂಥ ಜಗಳವನ್ನು ಇಷ್ಟು ಕಾಲ ಬಿಡದೆ ಆಡಿದ್ದಕ್ಕೆ ಪಡೋಣ.

ಪ್ರಮಾಣದ ಪ್ರಶ್ನೆಗೆ ಮರಳುತ್ತೇನೆ. ಇಂದ್ರಿಯ ಮತ್ತು ವಸ್ತುವಿನ ಸನ್ನಿಕರ್ಷದಿಂದ ಹುಟ್ಟಿದ ಜ್ಞಾನ ಪ್ರತ್ಯಕ್ಷ ಎನ್ನುತ್ತದೆ ನ್ಯಾಯ. ಟ್ಯಾಬಿನಲ್ಲಿ ಸಿಮ್ಯುಲೇಷನ್ ನೋಡುವ ಮಗುವಿನ ಕಣ್ಣಿಗೆ ಸನ್ನಿಕರ್ಷವಾದದ್ದು ಗಾಜಿನ ಮೇಲಿನ ಬೆಳಕು. ಅಲ್ಲಿ ಆಮ್ಲ ಇಲ್ಲ, ತಾಮ್ರ ಇಲ್ಲ. ಸ್ಲೈಡರ್ ಎಳೆದಾಗ ಪಿಎಚ್ ಬದಲಾಗುತ್ತದೆ, ಯಾಕೆಂದರೆ ಬದಲಾಗಲಿ ಎಂದು ಯಾರೋ ಬರೆದಿಟ್ಟಿದ್ದಾರೆ. ಮಗು ಪ್ರಶ್ನೆ ಕೇಳುತ್ತಿರುವುದು ಪ್ರಕೃತಿಯನ್ನಲ್ಲ, ಪ್ರೋಗ್ರಾಮ್ ಬರೆದವರನ್ನು. ಅವರು ಉತ್ತರ ಕೊಡುತ್ತಾರೆ, ಬಹುತೇಕ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಹಾಗಾಗಿ ಅದು ಶಬ್ದ ಪ್ರಮಾಣ, ಆಪ್ತರ ಮಾತು. ಎಷ್ಟೇ ಕುಣಿದರೂ ಹೊಳೆದರೂ ಸಿಮ್ಯುಲೇಷನ್ ಒಂದು ವಾಕ್ಯ.

ಹೀಗೆಂದಾಕ್ಷಣ ಅದನ್ನು ಕೀಳು ಮಾಡಿದ ಹಾಗಲ್ಲ. ಶಬ್ದವಿಲ್ಲದೆ ಯಾರ ಬದುಕೂ ನಡೆಯುವುದಿಲ್ಲ. ನಾನು ಓದಿದ ರಸಾಯನ ವಿಜ್ಞಾನದಲ್ಲಿ ಕಣ್ಣಾರೆ ಕಂಡದ್ದು ಸಾಸಿವೆಯಷ್ಟು, ಉಳಿದದ್ದೆಲ್ಲ ಆಪ್ತವಾಕ್ಯ. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಶುರುಮಾಡಿದ ಫೆಟ್ ಸಿಮ್ಯುಲೇಷನ್‌ಗಳನ್ನು ನಾನು ತರಗತಿಯಲ್ಲಿ ಸಂತೋಷದಿಂದ ಬಳಸುತ್ತೇನೆ. ಅವು ಉಚಿತ, ಕನ್ನಡದಲ್ಲಿಯೂ ಸಿಗುತ್ತವೆ. ಸಮೀಕರಣ ಸರಿದೂಗಿಸುವುದನ್ನು ಅವುಗಳಲ್ಲಿ ಆಡುತ್ತಾ ಕಲಿತ ಮಗು ಆಮೇಲೆ ಮರೆಯುವುದಿಲ್ಲ. ಅಡಚಣೆ ಬರುವುದು ಶಬ್ದವನ್ನು ಪ್ರತ್ಯಕ್ಷ ಎಂದು ಮಾರಿದಾಗ. ‘ನೀವೇ ಪ್ರಯೋಗ ಮಾಡಿ ಕಂಡುಹಿಡಿಯಿರಿ’ ಎಂದು ತೆರೆಯ ಮೇಲೆ ಬರೆದಾಗ. ಮಗು ಏನನ್ನೂ ಕಂಡುಹಿಡಿದಿಲ್ಲ. ಹೇಳಿದ್ದನ್ನು ಕೇಳಿಸಿಕೊಂಡಿದೆ, ಆದರೆ ತಾನೇ ಕಂಡೆ ಎಂದುಕೊಂಡಿದೆ. ಇಂಥ ಅರಿವು ಪ್ರಶ್ನೆಗೆ ಬಗ್ಗುವುದಿಲ್ಲ. ಹೇಳಿದವರನ್ನು ಅನುಮಾನಿಸಬಹುದು, ತನ್ನ ಕಣ್ಣನ್ನು ಹೇಗೆ ಅನುಮಾನಿಸುವುದು?

ತರಗತಿಯಲ್ಲಿ ಹುಣಸೆ ನೀರಿಗೆ ಪಿಎಚ್ ಕಾಗದ ಅದ್ದಿದಾಗ ಏನಾಗುತ್ತದೆ ನೋಡಿ. ಬಣ್ಣ ಪಟ್ಟಿಯ ಎರಡು ಚೌಕಗಳ ನಡುವೆ ಎಲ್ಲೋ ಬರುತ್ತದೆ. ಒಬ್ಬ ಕಿಟಕಿಯ ಬೆಳಕಿಗೆ ಹಿಡಿದು ಒಂದು ಅಂಕಿ ಹೇಳುತ್ತಾನೆ, ಇನ್ನೊಬ್ಬಳು ಒಪ್ಪುವುದಿಲ್ಲ. ಕಾಗದ ಒಣಗಿದರೆ ಬಣ್ಣ ಇನ್ನೂ ಬೇರೆ. ಮೂರನೆಯವನು ಇನ್ನೊಂದು ತುಂಡು ಕೇಳುತ್ತಾನೆ. ತೆರೆಯ ಮೇಲೆ ಬಿಂದುವಿನ ಬಲಗಡೆಯ ಅಂಕಿಗಳೂ ಸೇರಿ ಉತ್ತರ ಬಂದು ನಿಲ್ಲುತ್ತದೆ, ಜಗಳಕ್ಕೆ ಜಾಗವೇ ಇಲ್ಲ. ಆ ಜಗಳದಲ್ಲಿ ಮಕ್ಕಳಿಗೆ ಅಳತೆ ಎಂದರೇನು ಎಂದು ಮೊದಲ ಸಲ ತಿಳಿಯುತ್ತದೆ.

ನಾವು ಪಾಠ ಹೇಳುವವರು ಆಪ್ತರಾಗುವುದು ಹೇಗೆ? ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಆಪ್ತ ಎಂಬುದು ತರ್ಕಸಂಗ್ರಹ ಓದಿದವರಿಗೆಲ್ಲ ಗೊತ್ತು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇನ್ನೂ ಮುಂದೆ ಹೋಗುತ್ತಾನೆ. ವಿಷಯವನ್ನು ಸಾಕ್ಷಾತ್ತಾಗಿ ಕಂಡಿರಬೇಕು, ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆ ಇರಬೇಕು. ಋಷಿಯೇ ಆಗಲಿ ಆರ್ಯನೇ ಆಗಲಿ ಮ್ಲೇಚ್ಛನೇ ಆಗಲಿ, ಈ ಲಕ್ಷಣ ಇದ್ದವನು ಆಪ್ತ. ಹುಟ್ಟಿಗೂ ಪದವಿಗೂ ಅಲ್ಲಿ ಬೆಲೆಯಿಲ್ಲ. ಕಂಡಿರಬೇಕು ಎಂಬ ಮಾತನ್ನು ನಾನು ಕೆಲಸದ ನಿಯಮವಾಗಿ ತೆಗೆದುಕೊಂಡೆ. ನಾವೇ ಕೈಯಾರೆ ಮಾಡಿ ನೋಡದ ಪ್ರಯೋಗ ನಮ್ಮ ಪಾಠದಲ್ಲಿ ಇರಬಾರದು. 20 ನಿಮಿಷದ ಕ್ರಿಯೆಯನ್ನು ಕೆಲವೇ ಸೆಕೆಂಡಿಗೆ ಕತ್ತರಿಸುವಾಗ ಚೌಕಟ್ಟಿನೊಳಗೆ ಗೋಡೆ ಗಡಿಯಾರ ಇರಬೇಕು, ಮುಳ್ಳು ಜಿಗಿದದ್ದು ಮಗುವಿಗೆ ಕಾಣಬೇಕು.

ಮೊಳೆಯ ಪ್ರಯೋಗದಲ್ಲಿ ಇದರಿಂದ ಒಂದು ಉಪಕಾರವಾಯಿತು. ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ತಂದ ಹೊಳೆಯುವ ಮೊಳೆಗಳ ಪೈಕಿ ಕೆಲವು ಸತುವಿನ ಲೇಪ ಇದ್ದವು. ದ್ರಾವಣಕ್ಕೆ ಬಿಟ್ಟರೆ ಮೈಮೇಲೆ ಕರಿಗಂದು ಮಸಿಯಂಥ ಪದರ ಕೂತಿತು, ನೀಲಿ ಮಾಸಿತು, ಪುಸ್ತಕ ಹೇಳುವ ತಿಳಿಹಸಿರು ಬರಲಿಲ್ಲ. ಅಲ್ಲಿ ತಾಮ್ರವನ್ನು ಎಬ್ಬಿಸಿದ್ದು ಸತು. ಸತುವಿನ ಸಲ್ಫೇಟಿಗೆ ಬಣ್ಣವಿಲ್ಲ. ಅದನ್ನೂ ಚಿತ್ರಿಸಿದೆವು, ಪಾಠದಲ್ಲಿ ಇಟ್ಟೆವು. ಪರಿಶೀಲಿಸಿದವರೊಬ್ಬರು ಮಕ್ಕಳಿಗೆ ಗೊಂದಲವಾಗುತ್ತದೆ, ತೆಗೆಯಿರಿ ಎಂದು ಒತ್ತಾಯಿಸಿದರು. ಹಳ್ಳಿಯ ಮಗು ಪುಸ್ತಕ ನೋಡಿ ಮನೆಯಲ್ಲಿ ಪ್ರಯೋಗ ಮಾಡಿದರೆ ಅದರ ಕೈಗೆ ಸಿಗುವುದು ಇದೇ ಮೊಳೆ. ಪುಸ್ತಕದ ಫಲಿತಾಂಶ ಬಾರದಿದ್ದಾಗ ಆ ಮಗು ತನ್ನನ್ನೇ ದಡ್ಡ ಎಂದುಕೊಳ್ಳುತ್ತದೆ. ಅದು ಆಗಬಾರದು ಎಂಬುದು ನನಗೆ ಬಹಳ ದೊಡ್ಡ ವಿಷಯ. ತುಣುಕು ಪಾಠದಲ್ಲಿ ಉಳಿದಿದೆ.

ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳ ಭಾಗ ಬಂದದ್ದು ಪ್ರಯೋಗಾಲಯದ ಹೊರಗಿನಿಂದ. ಮಳೆ ಹಿಡಿಯುವ ಮುಂಚೆ ನಮ್ಮ ಕಡೆ ಅಡಿಕೆ ಕೊನೆಗಳಿಗೆ ಬೋರ್ಡೋ ಹೊಡೆಯುತ್ತಾರೆ. ಕೊಳೆರೋಗಕ್ಕೆ ಅದೇ ಮದ್ದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಪ್ರಕಟಿಸಿದ ಈ ಮದ್ದನ್ನು ಅಡಿಕೆಗೆ ಹೊಂದಿಸಿದವರು ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲೆ ಅವರ ವರದಿ ಬಂದದ್ದು 1910ರಲ್ಲಿ. ಅಳತೆ ಇಂದಿಗೂ ಮನೆಮನೆಗೆ ಗೊತ್ತು: ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಬೇರೆ ಡ್ರಮ್ಮಿನಲ್ಲಿ 50 ಲೀಟರ್ ನೀರಿನಲ್ಲಿ, ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಮೈಲುತುತ್ತವೆಂದರೆ ನಮ್ಮ ತಾಮ್ರದ ಸಲ್ಫೇಟೇ.

ನನ್ನ ತರಗತಿಯ ಹುಡುಗಿಯೊಬ್ಬಳ ತಂದೆಯ ತೋಟದಲ್ಲಿ ಚಿತ್ರೀಕರಿಸಿದೆವು. ತಿಳಿನೀಲಿ ಹಾಲಿನಂಥ ದ್ರಾವಣ ಡ್ರಮ್ಮಿನಲ್ಲಿ ತಯಾರಾದ ಮೇಲೆ ಅವರು ಸೊಂಟದ ಕತ್ತಿಯನ್ನು ತೆಗೆದು, ಅಲಗನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ದ್ರಾವಣದಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬೆಳಕಿಗೆ ತಿರುಗಿಸಿದರು. ಅಲಗಿನ ಅಂಚಿನಲ್ಲಿ ತೆಳ್ಳಗೆ ಕೆಂಪು ಮೆತ್ತಿತ್ತು. “ಸುಣ್ಣ ಸಾಲ್ದು” ಎಂದು ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಕಲಕಿ, ಅಲಗನ್ನು ಮತ್ತೆ ಉಜ್ಜಿ ಅದ್ದಿದರು. ಈ ಸಲ ಅಲಗು ಬೆಳ್ಳಗೇ ಬಂತು. “ಈಗ ಹೊಡೀಬಹುದು.” ಸುಣ್ಣ ಸಾಕಷ್ಟು ಇಲ್ಲದಿದ್ದರೆ ದ್ರಾವಣದಲ್ಲಿ ತಾಮ್ರದ ಅಯಾನು ಬಿಡಿಯಾಗಿ ಉಳಿದಿರುತ್ತದೆ, ಹೊಡೆದರೆ ಎಳೆಯ ಕಾಯಿ ಸುಟ್ಟುಹೋಗುತ್ತದೆ. ಬಿಡಿಯಾದ ತಾಮ್ರವನ್ನು ಕತ್ತಿಯ ಕಬ್ಬಿಣ ಎಬ್ಬಿಸಿ ತನ್ನ ಮೈಮೇಲೆ ಹಾಕಿಕೊಳ್ಳುತ್ತದೆ. ಸುಣ್ಣ ಸಾಕಾದಾಗ ತಾಮ್ರ ಹೈಡ್ರಾಕ್ಸೈಡಾಗಿ ಪ್ರಕ್ಷೇಪಗೊಂಡಿರುತ್ತದೆ, ಕತ್ತಿಗೆ ಸಿಗುವುದಿಲ್ಲ. ಪುಸ್ತಕದ ಅದೇ ಮೊಳೆ, ಅದೇ ಸ್ಥಾನಪಲ್ಲಟ.

ವಾತ್ಸ್ಯಾಯನನ ಲಕ್ಷಣಕ್ಕೆ ಸರಿಹೊಂದುವ ಆಪ್ತ ಇಲ್ಲಿ ಆ ತಂದೆ. ಅವರು ಕಂಡಿದ್ದಾರೆ, ಕಂಡಂತೆ ಹೇಳುತ್ತಾರೆ, ತಪ್ಪಿದರೆ ವರ್ಷದ ಫಸಲು ಹೋಗುತ್ತದೆ ಎಂಬ ಎಚ್ಚರವೂ ಅವರಲ್ಲಿದೆ. ಆ ದೃಶ್ಯಕ್ಕೆ ಹಿನ್ನೆಲೆ ದನಿ ಬೇಡವೆಂದು ನಾನು ಹಟ ಹಿಡಿದೆ. ಅವರ ಮಾತೇ ಇರಲಿ ಎಂದೆ. ಮಗಳು ಅದನ್ನು ಶಾಲೆಯ ಪ್ರೊಜೆಕ್ಟರಿನಲ್ಲಿ ನೋಡಿದಾಗ, “ಮೇಡಂ, ಇದು ಸೈನ್ಸಾ?” ಎಂದಳು. ಅಪ್ಪನ ಕತ್ತಿಯನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ಮೊದಲ ಅಧ್ಯಾಯದ ಸಮೀಕರಣ ಅವಳಿಗೆ ಬಾಯಿಪಾಠ. ಎರಡೂ ಒಂದೇ ಎಂದು ಯಾರೂ ಹೇಳಿರಲಿಲ್ಲ. ಡಿಜಿಟಲ್ ಪಾಠಕ್ಕೆ ಇದಕ್ಕಿಂತ ದೊಡ್ಡ ಉಪಯೋಗ ನನಗೆ ಕಾಣದು. ಅದು ಮಗುವನ್ನು ತೆರೆಯಿಂದ ಎಬ್ಬಿಸಿ ಡ್ರಮ್ಮಿನ ಹತ್ತಿರ ಕಳಿಸಬೇಕು. ಸೀಸದ ನೈಟ್ರೇಟನ್ನು ಕಾಯಿಸಿ ಕಂದು ಅನಿಲ ಎಬ್ಬಿಸುವಂಥ ವಿಷದ ಪ್ರಯೋಗಗಳನ್ನು ಮಾತ್ರ ಕ್ಯಾಮೆರಾದಲ್ಲೇ ನೋಡಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಕಣ್ಣಿಗೆ ಎಂದೂ ಕಾಣದ್ದು. ಪರಮಾಣುವಿನ ಅಡ್ಡಳತೆ ಸುಮಾರು 0.1ರಿಂದ 0.5 ನ್ಯಾನೊಮೀಟರ್, ನಮಗೆ ಕಾಣುವ ಬೆಳಕಿನ ತರಂಗ 400ರಿಂದ 700 ನ್ಯಾನೊಮೀಟರ್. ಅಂಥ ಬೆಳಕಿನಿಂದ ಅದರ ಆಕಾರವನ್ನು ನೋಡುವುದು ಸಾಧ್ಯವೇ ಇಲ್ಲ. ಪ್ರತ್ಯಕ್ಷವೊಂದೇ ಪ್ರಮಾಣ ಎಂದ ಚಾರ್ವಾಕ ಇದನ್ನು ಒಪ್ಪುತ್ತಿರಲಿಲ್ಲ. ಒಪ್ಪದವರು ಯುರೋಪಿನಲ್ಲೂ ಇದ್ದರು. ವಿಯೆನ್ನಾದ ಎರ್ನ್ಸ್ಟ್ ಮಾಕ್ ಪರಮಾಣುವನ್ನು ಲೆಕ್ಕಕ್ಕೆ ಅನುಕೂಲವಾದ ಕಲ್ಪನೆ ಎಂದಷ್ಟೇ ನೋಡಿದ. ಆಸ್ಟ್ವಾಲ್ಡ್‌ನಂಥ ದೊಡ್ಡ ರಸಾಯನ ವಿಜ್ಞಾನಿಯೂ ಬಹುಕಾಲ ಸಂಶಯದಲ್ಲಿದ್ದು, ನೀರಿನಲ್ಲಿ ತೇಲುವ ಕಣಗಳ ಓಲಾಟವನ್ನು ಪೆರಾನ್ ಅಳೆದು ತೋರಿಸಿದ ಮೇಲೆ, 1909ರಲ್ಲಿ ಒಪ್ಪಿದ. ಅನುಮಾನ ಪ್ರಮಾಣ ಗೆದ್ದದ್ದು ಅಷ್ಟು ಇತ್ತೀಚೆಗೆ.

ಕಾಣದ್ದನ್ನು ತೋರಿಸುವುದು ಅನಿಮೇಷನ್ನಿನ ಸಹಜ ಕೆಲಸ, ಅಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ತೋರಿಸಬೇಕಾದರೆ ಇಲ್ಲದ್ದನ್ನು ಆರೋಪಿಸಲೇಬೇಕು. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸದಲ್ಲಿ ಹಾಫ್‌ಮನ್ ಕ್ರೋಕೆ ಆಟದ ಚೆಂಡುಗಳಿಗೆ ಬಣ್ಣ ಬಳಿದು ಕಡ್ಡಿ ಚುಚ್ಚಿ ಅಣುಗಳನ್ನು ತೋರಿಸಿದ: ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಕ್ಲೋರಿನ್ ಹಸಿರು. ಅವೇ ಬಣ್ಣಗಳು ಇಂದಿಗೂ ನಮ್ಮ ಸಾಫ್ಟ್‌ವೇರಿನಲ್ಲಿವೆ. ಒಂದು ಹನಿ ನೀರಿನಲ್ಲಿ 1ರ ಮುಂದೆ 21 ಸೊನ್ನೆ ಇಟ್ಟರೂ ಮೀರುವಷ್ಟು ಅಣುಗಳಿವೆ, ನಾವು ಕೆಲವೇ ಗುಂಡು ತೋರಿಸುತ್ತೇವೆ. ನೀರಿನಲ್ಲಿ ಅಣುಗಳು ಒತ್ತೊತ್ತಾಗಿವೆ, ನೋಡಲು ಅನುಕೂಲವಾಗಲೆಂದು ನಾವು ನಡುವೆ ಜಾಗ ಬಿಡುತ್ತೇವೆ. ಬೇಸಗೆಯ ಹವೆಯಲ್ಲಿ ಅವುಗಳ ವೇಗ ಸೆಕೆಂಡಿಗೆ 600 ಮೀಟರಿನ ಆಸುಪಾಸು, ನಾವು ತೇಲಿಸುತ್ತೇವೆ.

ಇದಕ್ಕೆ ನನಗೆ ದಾರಿ ಕಂಡದ್ದು ವೇದಾಂತದಲ್ಲಿ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಜೀವಮಾನವಿಡೀ ಒತ್ತಿ ಹೇಳಿದ್ದು, ಶಂಕರರ ಬೋಧನೆಯ ಜೀವಾಳ ಅಧ್ಯಾರೋಪ-ಅಪವಾದ ಎಂದು. ಮಾತಿಗೆ ಸಿಗದ್ದನ್ನು ಶಿಷ್ಯನಿಗೆ ತಿಳಿಸಲು ಗುರು ಮೊದಲು ಅದರ ಮೇಲೆ ಒಂದು ಧರ್ಮವನ್ನು ಬೇಕೆಂದೇ ಆರೋಪಿಸುತ್ತಾನೆ. ಶಿಷ್ಯನ ಬುದ್ಧಿ ಅಲ್ಲಿಗೆ ಬಂದ ಮೇಲೆ ಆ ಆರೋಪವನ್ನು ತೆಗೆದುಬಿಡುತ್ತಾನೆ. ತೆಗೆಯುವುದು ಬೋಧನೆಯ ಅರ್ಧ. ತೆಗೆಯದೆ ಬಿಟ್ಟರೆ ಗುರುವೇ ಅಜ್ಞಾನ ಕೊಟ್ಟಂತಾಗುತ್ತದೆ.

ದೊಡ್ಡಪ್ಪ ಇದನ್ನು ಸುಲಭಕ್ಕೆ ಒಪ್ಪಲಿಲ್ಲ. “ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಭಾಷ್ಯಕಾರರು ಪರಮಾಣುವಾದ ಖಂಡನೆ ಮಾಡಿದಾರೆ. ಅವರ ಉಪಾಯನೇ ತಗೊಂಡು ಪರಮಾಣು ತೋರಿಸ್ತೀಯಾ?” ಎಂದರು. ಮೇಲಾಗಿ ಅಪವಾದ ಮುಗಿದಾಗ ಅಲ್ಲಿ ಉಳಿಯುವುದು ನಿರ್ವಿಶೇಷವಾದ ವಸ್ತು, ನಿನ್ನ ಪರಮಾಣು ವಿಷಯಗಳಲ್ಲಿ ಒಂದು ವಿಷಯ, ಅದರಿಂದ ಗುಣ ತೆಗೆಯುತ್ತಾ ಹೋದರೆ ಏನುಳಿಯುತ್ತದೆ ಎಂದು ಕೇಳಿದರು. ಅವರ ಆಕ್ಷೇಪ ಸರಿ. ರಸಾಯನದಲ್ಲಿ ಒಂದು ಆರೋಪವನ್ನು ತೆಗೆದರೆ ಅದಕ್ಕಿಂತ ನಯವಾದ ಇನ್ನೊಂದು ಆರೋಪ ಬಂದು ಕೂರುತ್ತದೆ. ಗುಂಡು ಹೋಗಿ ಕಕ್ಷೆ ಬರುತ್ತದೆ, ಕಕ್ಷೆ ಹೋಗಿ ಆರ್ಬಿಟಲ್ ಬರುತ್ತದೆ. ಕೊನೆ ಇದೆಯೆಂದು ನಾನು ಹೇಳಲಾರೆ. ಆದರೂ ಆ ಉಪಾಯದ ನೀತಿ ನನಗೆ ಬೇಕು: ಏರಿಸಿದವನೇ ಇಳಿಸಬೇಕು.

ಶಾಲೆಯೂ ಇದನ್ನೇ ಮಾಡುತ್ತದೆ, ಆದರೆ ತಡವಾಗಿ. ಎಲೆಕ್ಟ್ರಾನು ಗೊತ್ತಾದ ಕಕ್ಷೆಯಲ್ಲಿ ಸುತ್ತುತ್ತದೆ ಎಂದು ಒಂಬತ್ತನೇ ತರಗತಿಯಲ್ಲಿ ಹೇಳುತ್ತೇವೆ. ಅದನ್ನು ಇಳಿಸುವುದು ಪಿಯುಸಿಯಲ್ಲಿ, ಅದೂ ವಿಜ್ಞಾನ ತೆಗೆದುಕೊಂಡವರಿಗೆ ಮಾತ್ರ. ನನ್ನ ತರಗತಿಯ ಅರ್ಧಕ್ಕರ್ಧ ಮಕ್ಕಳು ಎಸ್ಸೆಸ್ಸೆಲ್ಸಿಯ ನಂತರ ರಸಾಯನ ವಿಜ್ಞಾನದ ಪುಸ್ತಕ ಮುಟ್ಟುವುದಿಲ್ಲ. ಐಟಿಐ, ಕಾಮರ್ಸ್, ತೋಟ, ಮದುವೆ. ಅವರು ಜೀವನಪೂರ್ತಿ ಬರಿಯ ಅಧ್ಯಾರೋಪವನ್ನು ಹೊತ್ತುಕೊಂಡಿರುತ್ತಾರೆ. ಇದು ಅನ್ಯಾಯ ಎಂದೇ ನನ್ನ ಭಾವನೆ. ಮುಂದೆ ಓದುವವರಿಗೆ ಸತ್ಯ, ನಿಲ್ಲಿಸುವವರಿಗೆ ಚಿತ್ರ ಎಂಬ ಭೇದವನ್ನು ಕಲಿಸುವವರು ಮಾಡಬಾರದು.

ಆದ್ದರಿಂದ ನಮ್ಮ ಮೊಳೆಯ ಪಾಠ ಈಗ ಹೀಗಿದೆ. ಅನಿಮೇಷನ್ನಿನಲ್ಲಿ ತಾಮ್ರದ ಗುಂಡು ಯಾವ ಬಣ್ಣವೂ ಇಲ್ಲದ ಬೂದು, ಮೇಲೆ ಹೆಸರು ಮಾತ್ರ. ಅದರ ಸುತ್ತ ನೀರಿನ ಅಣುಗಳು ಬಂದು ಸೇರಿದಾಗ ಇಡೀ ಗುಂಪಿನ ಸುತ್ತಲಿನ ಹಿನ್ನೆಲೆ ನೀಲಿಯಾಗುತ್ತದೆ, ಯಾವ ಒಂದು ಗುಂಡೂ ನೀಲಿಯಾಗುವುದಿಲ್ಲ. ಮುಗಿಯುವ ಮುನ್ನ ಚಿತ್ರ ನಿಂತು, ಈ ಚಿತ್ರದಲ್ಲಿ ನಿಜವಲ್ಲದ್ದು ಯಾವುದು ಎಂದು ದನಿ ಕೇಳುತ್ತದೆ. ಮಕ್ಕಳು ಮುಟ್ಟಿ ಗುರುತಿಸಬೇಕು: ಗುಂಡಿನ ಅಂಚು, ನಡುವಿನ ಖಾಲಿ ಜಾಗ, ನಿಧಾನದ ಓಟ, ಎಣಿಸಬಹುದಾದಷ್ಟೇ ಇರುವ ಕಣಗಳು. ನಿಜವಾದದ್ದು ಯಾವುದು ಎಂದೂ ಕೇಳುತ್ತದೆ: ಒಂದು ತಾಮ್ರ ಕೂತರೆ ಒಂದು ಕಬ್ಬಿಣ ಇಳಿಯಿತು, ಎರಡು ಎಲೆಕ್ಟ್ರಾನು ಕೈಬದಲಾಯಿತು.

ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಒಪ್ಪಿಗೆಯಿಲ್ಲ. ಹದಿನೈದು ವರ್ಷದ ಮಕ್ಕಳಿಗೆ ಮೊದಲು ನಂಬಿಕೆ ಬೇಕು, ಸಂಶಯ ಆಮೇಲೆ ಎನ್ನುತ್ತಾರೆ. ಪರೀಕ್ಷೆಯಲ್ಲಿ ಕೇಳದ್ದಕ್ಕೆ ಸಮಯ ಯಾಕೆ ಎಂದೂ ಕೇಳುತ್ತಾರೆ. ಪರೀಕ್ಷೆಯ ಒತ್ತಡ ನನಗೂ ಇದೆ, ಮಾರ್ಚಿ ಹತ್ತಿರ ಬಂದಾಗ ನಾನೂ ಪ್ರಶ್ನೋತ್ತರಕ್ಕೆ ಇಳಿಯುತ್ತೇನೆ. ಆದರೆ ಮಕ್ಕಳ ನಂಬಿಕೆ ಇದರಿಂದ ಅಲುಗಿದ್ದನ್ನು ನಾನು ನೋಡಿಲ್ಲ. ಚಿತ್ರದಲ್ಲಿ ಯಾವುದು ಸುಳ್ಳು ಎಂದು ಶಿಕ್ಷಕಿಯೇ ಹೇಳಿದರೆ ಉಳಿದದ್ದನ್ನು ಅವರು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತಾರೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಹಾಗಾದರೆ ಪುಸ್ತಕದ ಕವರಿನ ಮೇಲಿನ ಪರಮಾಣು ಚಿತ್ರವನ್ನು ಸರಿಮಾಡಿ ಬರೆಯಲೇ ಎಂದು ಕೇಳಿ, ಎಷ್ಟೋ ಹೊತ್ತು ಪೆನ್ಸಿಲ್ ಹಿಡಿದು ಕೂತು, ಎಲೆಕ್ಟ್ರಾನನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ಹತ್ತಿರ ಬಂದ. ನಾನು ಅವನನ್ನು ಕೂರಿಸಿಕೊಂಡು ಪಿಯುಸಿ ಪುಸ್ತಕ ತೆಗೆದೆ.

ಈಗ ಕೈಯಲ್ಲಿರುವುದು ಆಮ್ಲ ಪ್ರತ್ಯಾಮ್ಲಗಳ ಪಾಠ. ದಾಸವಾಳದ ಕಷಾಯ, ಅರಿಶಿನದ ಕಾಗದ, ಸೋಪಿನ ನೀರು ಎಲ್ಲ ಮಕ್ಕಳ ಕೈಗೇ ಬಿಟ್ಟಿದ್ದೇವೆ, ಅದಕ್ಕೆ ಸಿಮ್ಯುಲೇಷನ್ ಇಲ್ಲ. ತೊಡಕಿರುವುದು ಹೈಡ್ರೋಜನ್ ಅಯಾನಿನಲ್ಲಿ. ಅದು ನೀರಿನಲ್ಲಿ ಒಂಟಿಯಾಗಿ ಇರಲಾರದು, ನೀರಿನ ಅಣುವಿನೊಡನೆ ಕೂಡಿ ಹೈಡ್ರೋನಿಯಮ್ ಆಗಿರುತ್ತದೆ ಎಂದು ಪಠ್ಯಪುಸ್ತಕವೇ ಇಳಿಸಿಕೊಟ್ಟಿದೆ. ಆದರೆ ಹೈಡ್ರೋನಿಯಮ್ ಕೂಡ ಒಂದೇ ಕಡೆ ನಿಲ್ಲುವ ಗುಂಡಲ್ಲ, ಪ್ರೋಟಾನು ಒಂದು ನೀರಿನ ಅಣುವಿನಿಂದ ಮುಂದಿನದಕ್ಕೆ ದಾಟುತ್ತಲೇ ಇರುತ್ತದೆ. ಅಲ್ಲಿಯವರೆಗೂ ಹತ್ತನೆಯ ತರಗತಿಯಲ್ಲಿ ಹೋಗಬೇಕೆ ಎಂದು ತಂಡದಲ್ಲಿ ಇನ್ನೂ ಮಾತು ನಡೆದಿದೆ. ಅನಿಮೇಷನ್ ಹುಡುಗ ದಾಟುವ ಪ್ರೋಟಾನಿನದೊಂದು ಕರಡು ಮಾಡಿಟ್ಟಿದ್ದಾನೆ. ಮಕ್ಕಳಿಗೆ ತೋರಿಸಿ, ಅವರು ಯಾವುದನ್ನು ಸುಳ್ಳು ಎಂದು ಮುಟ್ಟಿ ತೋರಿಸುತ್ತಾರೆ ಎಂಬುದನ್ನು ನೋಡಿಕೊಂಡು ನಿರ್ಧರಿಸುತ್ತೇವೆ.